ಮೂರು ಹುಣ್ಣಿಮೆಯ ಓಲೆ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಹಿಂದೆ ಕೂತವರಿಗೆ ಕಥೆ ಆರಿ ತಣ್ಣಗಾಗಿ ತಲುಪುತ್ತೆ, ಆಮೇಲೆ ನನ್ನ ಬೈಬೇಡಿ. ಈ ಕಥೆಯನ್ನ ಸುತ್ತೇಳು ಹಳ್ಳಿಯಲ್ಲಿ ಬೇರೆಯವರೂ ಹೇಳ್ತಾರೆ, ಇಲ್ಲ ಅನ್ನಲ್ಲ. ಹೇಳ್ತಾರೆ, ಅಷ್ಟೆ. ನಾನು ಹೇಳೋಕೆ ಕೂತರೆ ಮಾತ್ರ ಒಲೆ ಮೇಲಿನ ಹಾಲು ಉಕ್ಕಿ ನೆಲಕ್ಕೆ ಹರಿದರೂ ಯಾರೂ ಎದ್ದು ಹೋಗಲ್ಲ. ನೋಡ್ತಿರಿ ಬೇಕಾದರೆ.

ಒಂದು ರಾಜ್ಯ ಇತ್ತು. ಯಾವ ರಾಜ್ಯ ಅಂತ ಕೇಳಬೇಡಿ. ಅಲ್ಲಿಗೆ ಗಾಡಿ ಹೋಗಲ್ಲ, ಕುದುರೆ ಹೋಗಲ್ಲ, ಕಥೆ ಒಂದೇ ಹೋಗೋದು. ಆ ರಾಜ್ಯದಲ್ಲಿ ಒಂದು ಊರು, ಆ ಊರಲ್ಲಿ ಒಂದು ಅಕ್ಕಸಾಲಿಗರ ಬೀದಿ. ಬೆಳಗಾದರೆ ಟಿಣ್ ಟಿಣ್ ಸುತ್ತಿಗೆ, ಸಂಜೆಯಾದರೂ ಟಿಣ್ ಟಿಣ್ ಸುತ್ತಿಗೆ. ಬೀದಿಗೆ ಯಜಮಾನ ಈರಪ್ಪಾಚಾರಿ. ಅವನ ಮನೆಯಲ್ಲಿ ಒಂದು ತೇಗದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನಿತ್ತು? ಅಚ್ಚುಗಳು. ಮಾವಿನಕಾಯಿ ಅಚ್ಚು, ಮಲ್ಲಿಗೆ ಮೊಗ್ಗಿನ ಅಚ್ಚು, ನವಿಲಿನ ಅಚ್ಚು. ಅಜ್ಜನ ಅಜ್ಜ ಕೊರೆದದ್ದು. ಯಾರು ಏನು ಒಡವೆ ಮಾಡಬೇಕಾದರೂ ಈರಪ್ಪಾಚಾರಿ ಮುಂದೆ ಕೈಕಟ್ಟಿ ನಿಂತು ಅಚ್ಚು ಇಸಿದುಕೊಂಡು ಹೋಗಬೇಕು, ಅದರ ಮೇಲೆ ಚಿನ್ನದ ತಗಡು ಇಟ್ಟು ಬಡೀಬೇಕು. ಹಾಗಾಗಿ ಆ ಸೀಮೆಯ ಹೆಂಗಸರ ಕಿವಿಯಲ್ಲಿದ್ದ ಮಾವಿನಕಾಯಿಗಳೆಲ್ಲ ಒಂದೇ ಕಡೆ ಸೊಟ್ಟ. ನವಿಲುಗಳೆಲ್ಲ ಎಡಕ್ಕೇ ನೋಡ್ತಿದ್ದವು. ಒಂದಾದರೂ ಬಲಕ್ಕೆ ತಿರುಗಬೇಡವಾ?

ಆ ಬೀದಿಯಲ್ಲಿ ಹುಟ್ಟಿದವನು ಮೋನಪ್ಪ. ಈರಪ್ಪಾಚಾರಿಯ ಅಕ್ಕ ರುದ್ರವ್ವ, ಅವಳ ಒಬ್ಬನೇ ಮಗ. ಅಪ್ಪ ಬೇಗ ತೀರಿಕೊಂಡ. ಸೋದರಮಾವನೇ ಕೈಹಿಡಿದು ಸುತ್ತಿಗೆ ಕಲಿಸಿದ, ಬೆಸುಗೆ ಕಲಿಸಿದ, ಒರೆ ಹಚ್ಚೋದು ಕಲಿಸಿದ. ಹುಡುಗ ಕಲಿತ. ಕಲಿತಾದ ಮೇಲೆ ಒಂದು ದಿನ ಹತ್ತು ಜನರ ಎದುರಿಗೆ, ಮಾವ, ನಿಮ್ಮ ಅಚ್ಚಿನ ಮಾವಿನಕಾಯಿ ಹುಟ್ಟಿದಾಗಿನಿಂದ ಮರ ನೋಡಿಲ್ಲ ಅಂದುಬಿಟ್ಟ. ಬೀದಿಯ ಸುತ್ತಿಗೆಗಳೆಲ್ಲ ಅಲ್ಲಲ್ಲೇ ನಿಂತವು. ಇಂಥ ಮಾತು ಆಡೋಕೆ ಎದೆ ಬೇಕು ಕಣ್ರಪ್ಪಾ. ನನಗಿದೆ, ಅವನಿಗಿತ್ತು, ನಿಮ್ಮಲ್ಲಿ ಯಾರಿಗಿದೆಯೋ ನಾ ಕಾಣೆ.

ಮಾವ ಹೊಡೀಲಿಲ್ಲ, ಬೈಲಿಲ್ಲ. ಮರ ನೋಡೋನು ಮರದ ಹತ್ತಿರ ಇರಲಿ ಅಂದ. ಸರಿ, ಮೋನಪ್ಪ ಕುಲುಮೆ ಕಿತ್ತುಕೊಂಡು ಊರಾಚೆ ಹಳೇ ಬಾವಿ ಹತ್ತಿರ, ಹೊಂಗೆಮರದ ಬುಡದಲ್ಲಿ ಕೂತ. ಅಚ್ಚಿಲ್ಲ, ಯಜಮಾನ ಇಲ್ಲ, ಬೀದಿ ಇಲ್ಲ. ಊದೋನೂ ಅವನೇ, ಬಡಿಯೋನೂ ಅವನೇ, ಬೆಸೆಯೋನೂ ಅವನೇ. ಏನು ಮಾಡ್ತಿದ್ದ ಅಂತೀರಿ? ನೋಡ್ತಿದ್ದ. ಹೊಟ್ಟೆ ಮೇಲೆ ಮಲಗಿ ಹುಲ್ಲಿನ ತೆನೆ ನೋಡ್ತಿದ್ದ. ಜಾಲಿಕಾಯಿ ಎಷ್ಟು ಗಂಟಿಗೆ ಸೊಂಟ ಬಳುಕಿಸುತ್ತೆ ಅಂತ ಎಣಿಸ್ತಿದ್ದ. ಜೇಡರಬಲೆಯ ಎಳೆ ಎಲ್ಲಿ ಶುರುವಾಗುತ್ತೆ ಅಂತ ಹುಡುಕ್ತಿದ್ದ. ಆಮೇಲೆ ಜೇನುಮೇಣದಲ್ಲಿ ಅದನ್ನೇ ತಿದ್ದಿ, ಜೇಡಿಮಣ್ಣು ಮೆತ್ತಿ, ಬೆಂಕಿಗಿಟ್ಟು, ಮೇಣ ಕರಗಿ ಹರಿದುಹೋದ ಜಾಗಕ್ಕೆ ಚಿನ್ನ ಹೊಯ್ತಿದ್ದ. ಮಣ್ಣು ಒಡೆದರೆ ಒಳಗೆ ಒಡವೆ. ಆ ಮಣ್ಣಿನಲ್ಲಿ ಇನ್ನೊಂದು ಹುಟ್ಟಲ್ಲ. ಒಂದಕ್ಕೆ ಒಂದೇ.

ಬೀದಿಯವರು ಮೊದಲು ನಕ್ಕರು. ಆಮೇಲೆ ಕುರಿಯವರ ಹೆಂಗಸೊಬ್ಬಳು ಸೊಂಟಕ್ಕೆ ಜಾಲಿಕಾಯಿ ಡಾಬು ಹಾಕಿಕೊಂಡು ಸಂತೆಗೆ ಬಂದಳು ನೋಡಿ, ಹಿಂದೆಯೇ ಹತ್ತು ಜನ ಬಾವಿ ದಾರಿ ಹಿಡಿದರು. ಮೋನಪ್ಪನಿಗೆ ಜಂಭ ಬಂತು. ಬರಬೇಕಾದ್ದೇ. ಕೆಲಸ ಬಲ್ಲವನಿಗೆ ಜಂಭ ಬರದೆ ಕೆಲಸ ಬರದವನಿಗೆ ಬರೋಕಾಗುತ್ತಾ?

ಈಗ ಕಾಳವ್ವನ ವಿಷಯ ಕೇಳಿ. ಈರಪ್ಪಾಚಾರಿಯ ಮಗಳು ಅವಳು. ಸೋದರಮಾವನ ಮಗಳು ಅಂದರೆ ಮೋನಪ್ಪನಿಗೆ ಹುಟ್ಟಿದಾಗಲೇ ಬರೆದಿಟ್ಟ ಹುಡುಗಿ. ಬರೆದಿಟ್ಟದ್ದು ಹೋಗಲಿ, ಅವನಿಗೆ ಅವಳೆಂದರೆ ಜೀವ. ಬೀದಿ ಬಿಟ್ಟು ಹೋದವನು ಮತ್ತೆ ಬೀದಿಗೆ ಬರ್ತಿದ್ದದ್ದು ಅವಳು ಅಂಗಳದಲ್ಲಿ ಕೂತಿರ್ತಾಳೆ ಅಂತಲೇ. ಅವಳೋ, ಕಡಿಮೆ ಮಾತು, ಹೆಚ್ಚು ಕೆಲಸ. ಆ ಬೀದಿಯ ಹೆಂಗಸರು ಕುಲುಮೆ ಮುಂದೆ ಕೂರೋ ಹಾಗಿರಲಿಲ್ಲ. ಆದರೆ ರವೆ ಮಾಡ್ತಿದ್ದರು. ರವೆ ಅಂದರೆ ಉಪ್ಪಿಟ್ಟಿನ ರವೆ ಅಲ್ಲ, ಬಾಯಿ ಚಪ್ಪರಿಸಬೇಡಿ. ಚಿನ್ನದ ರವೆ. ಚಿನ್ನದ ಚೂರುಗಳನ್ನ ಇದ್ದಿಲ ಪುಡಿಯಲ್ಲಿ ಹೂತು ಅಡುಗೆ ಒಲೆಗೇ ಇಟ್ಟು ಊದಿದರೆ ಒಂದೊಂದು ಚೂರೂ ಸಾಸಿವೆಗಿಂತ ಸಣ್ಣ ಗುಂಡಾಗುತ್ತೆ. ಆ ಗುಂಡುಗಳನ್ನ ಗಂಡಸರು ತಗೊಂಡು ಹೋಗಿ ತಮ್ಮ ಒಡವೆಯ ಅಂಚಿಗೆ ಕೂರಿಸ್ತಿದ್ದರು. ಒಡವೆ ಗಂಡಸಿನ ಹೆಸರಲ್ಲಿ ಹೋಗ್ತಿತ್ತು. ಕಾಳವ್ವ ಒಂದು ಕಡೆ ರೊಟ್ಟಿ ಬೇಯಿಸ್ತಾ ಇನ್ನೊಂದು ಕಡೆ ಸಾವಿರ ರವೆ ಉರುಳಿಸ್ತಿದ್ದಳು. ಅವಳ ರವೆ ಅಷ್ಟು ಸಮ, ಅಷ್ಟು ದುಂಡು. ಅದು ಎಲ್ಲಿಗೆ ಹೋಗುತ್ತೆ, ಯಾವ ಒಡವೆಯ ಯಾವ ಮೂಲೆಯಲ್ಲಿ ಕೂರುತ್ತೆ ಅಂತ ಅವಳಿಗೆ ಒಂದು ದಿನವೂ ಗೊತ್ತಾಗಲಿಲ್ಲ.

ಆ ಬೀದಿಯಲ್ಲಿ ಮದುವೆಗೆ ಒಂದು ಪದ್ಧತಿ. ವರ ತನ್ನ ಕೈಯಾರೆ ಓಲೆ ಮಾಡಿಕೊಂಡು ಹುಣ್ಣಿಮೆ ದಿನ ಬೆಳಿಗ್ಗೆ ಹುಡುಗಿಯ ಅಂಗಳಕ್ಕೆ ಬರಬೇಕು. ಹಿತ್ತಾಳೆ ತಟ್ಟೆಯಲ್ಲಿಟ್ಟು ಕೊಡಬೇಕು. ಹುಡುಗಿ ಕಿವಿಗೆ ಹಾಕಿಕೊಂಡರೆ ಮದುವೆ. ತಟ್ಟೆಗೇ ವಾಪಸ್ ಇಟ್ಟರೆ ಇಲ್ಲ. ಯಾಕೆ ಅಂತ ಕೇಳೋ ಹಾಗಿಲ್ಲ, ಅವಳೂ ಹೇಳೋ ಹಾಗಿಲ್ಲ. ಹೇಳಿದರೆ ಅವಳೇ ಓಲೆ ಮಾಡಿಸಿಕೊಂಡ ಹಾಗಾಯ್ತಲ್ಲ. ಮೂರು ಹುಣ್ಣಿಮೆ ಅವಕಾಶ. ಮೂರನೇ ಸಲವೂ ತಟ್ಟೆಗೆ ಬಿದ್ದರೆ ಆ ಹುಡುಗಿ ಬೇರೆ ಮನೆ ಸೊಸೆ.

ಮೋನಪ್ಪನಿಗೆ ನಗು. ಮೂರು ಯಾಕೆ, ನನಗೆ ಒಂದೇ ಸಾಕು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಮೊದಲ ಹುಣ್ಣಿಮೆಗೆ ಎಕ್ಕದ ಹೂವು ಮಾಡಿದ. ನೀವು ಎಕ್ಕದ ಹೂವು ಸರಿಯಾಗಿ ನೋಡಿದ್ದೀರಾ? ಇಲ್ಲ. ರಸ್ತೆ ಬದಿಯದು ಅಂತ ಉಗಿದು ಹೋಗ್ತೀರಿ. ಐದು ಎಸಳು, ನಡುವೆ ಒಂದು ಕಿರೀಟ, ಕಿರೀಟದ ಮೇಲೆ ಒಂದು ಮುಚ್ಚಳ. ದೇವರು ಅಕ್ಕಸಾಲಿ ಕೆಲಸಕ್ಕೆ ಕೂತ ದಿನ ಮಾಡಿದ ಹೂವು ಅದು. ಮೋನಪ್ಪ ಅದನ್ನ ಚಿನ್ನದಲ್ಲಿ ತಂದ. ಅಂಗಳದಲ್ಲಿ ನಿಂತು, ಕಾಳಿ, ಇದನ್ನ ಹಾಕಿಕೊಂಡು ನಡೆದರೆ ಜನ ನಿನ್ನ ನಿಲ್ಲಿಸಿ ಯಾರು ಮಾಡಿದ್ದು ಅಂತ ಕೇಳ್ತಾರೆ ಅಂದ. ಬೀದಿಯವರು ಕತ್ತು ಚಾಚಿ ನೋಡಿದರು. ಯಾರಿಗೂ ಹೆಸರಿಡೋಕೆ ಬಾಯಿ ಬರಲಿಲ್ಲ. ಕಾಳವ್ವ ಓಲೆಯನ್ನ ತಿರುಗಿಸಿ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ತಟ್ಟೆಗೆ ಇಟ್ಟಳು.

ಎರಡನೇ ಹುಣ್ಣಿಮೆಗೆ ಹುಣಸೆ ಹೂವು ಮಾಡಿದ. ತೂಕ ಜಾಸ್ತಿಯಾಗಿತ್ತೇನೋ ಅಂತ ಗಾಳಿಗೆ ಹಾರೋ ಹಾಗೆ ಮಾಡಿದ. ಹಳದಿ ಎಸಳಿನ ಮೇಲೆ ಕೆಂಪು ನರ ಓಡಿರುತ್ತಲ್ಲ, ಆ ನರಕ್ಕೆ ಕೆಂಪು ಹರಳನ್ನ ಪುಡಿಮಾಡಿ ತುಂಬಿದ. ಈ ಸಲ ಬಾಯಿ ಸ್ವಲ್ಪ ಕಡಿಮೆ. ಆದರೂ, ಇದರಲ್ಲಿ ಒಂದು ಕೂದಲೆಳೆ ತಪ್ಪು ತೋರಿಸಿದರೆ ಸುತ್ತಿಗೆ ಬಾವಿಗೆ ಎಸೀತೀನಿ ಅಂದ. ಈರಪ್ಪಾಚಾರಿಯೇ ಹತ್ತಿರ ಬಂದು ನೋಡಿದ, ಮೀಸೆ ಕಡಿದುಕೊಂಡ, ತಪ್ಪು ಸಿಗಲಿಲ್ಲ. ಕಾಳವ್ವ ಅಂಗೈಯಲ್ಲಿ ಇಟ್ಟುಕೊಂಡಳು. ಅವಳ ಕಣ್ಣು ತುಂಬಿದ್ದು ರುದ್ರವ್ವ ಒಬ್ಬಳೇ ಕಂಡಳು. ತಟ್ಟೆಗೆ ಇಟ್ಟಳು. ಇಡುವಾಗ ಹಿತ್ತಾಳೆ ಸಣ್ಣಗೆ ಸದ್ದು ಮಾಡಿತು.

ಮೋನಪ್ಪನ ಮುಖ ಏನಾಗಿರಬೇಕು, ನೀವೇ ಹೇಳಿ. ಕಾಳಿ ಕಣ್ಣು ತುಂಬಿಕೊಂಡದ್ದನ್ನ ಅವ್ವ ಬಂದು ಹೇಳಿದಳು. ಇಷ್ಟವಿಲ್ಲ ಅಂದರೆ ಅಳೋದು ಯಾಕೆ? ಇಷ್ಟ ಇದೆ ಅಂದರೆ ವಾಪಸ್ ಇಡೋದು ಯಾಕೆ? ಅವನಿಗೆ ಒಂದೂ ಬಗೆಹರೀಲಿಲ್ಲ. ಮೂರು ಹೊತ್ತೂ ಊಟ ಬಿಟ್ಟ. ಏನು ನೋಡಿದರೂ ಮೇಣ ಮುಟ್ಟೋಕೆ ಮನಸ್ಸು ಬರಲಿಲ್ಲ. ಹತ್ತು ದಿನ ಹೋಯ್ತು. ಇಪ್ಪತ್ತು ದಿನ ಉಳಿದವು.

ಕೇಳಿ, ಇಲ್ಲಿ ಹುಷಾರಾಗಿ ಕೇಳಿ.

ಅವನ ಕುಲುಮೆಯ ಎದುರಿಗಿದ್ದ ಬಾವಿಗೆ ಬಗ್ಗಿಕೊಂಡು ಒಂದು ಈಚಲಮರ. ಮುಂಗಾರು ಶುರುವಾಗಿತ್ತು. ಆ ಮರಕ್ಕೆ ಒಂದು ಗಂಡು ಗೀಜಗ ಬಂತು. ಹಳದಿ ತಲೆ, ಗತ್ತು ಅಂದರೆ ಗತ್ತು. ಜೋಳದ ಗರಿ ಸೀಳಿ ಎಳೆ ತರೋದು, ಕೊಕ್ಕಿನಲ್ಲಿ ಗಂಟು ಹಾಕೋದು, ಮತ್ತೆ ಹೋಗೋದು, ಮತ್ತೆ ತರೋದು. ನಾಕು ದಿನಕ್ಕೆ ತಳ, ಕೊಳವೆ ಎಲ್ಲ ಮುಗಿದು ಪೂರ್ತಿ ಒಂದು ಗೂಡು ನೇತಾಡಿತು. ಆಮೇಲೆ ಅದರ ಕೆಳಗೆ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿದು, ಗಂಟಲು ಹರಿಯೋ ಹಾಗೆ ಕೂಗಿತು. ಬನ್ನಿ, ನನ್ನಂಥ ಕೆಲಸಗಾರ ಇನ್ನೊಬ್ಬ ಇಲ್ಲ ಅಂತ. ಆ ಕೂಗು ಮೋನಪ್ಪನಿಗೆ ಎಲ್ಲೋ ಕೇಳಿದ ಹಾಗನ್ನಿಸಿತು.

ಒಂದು ಹೆಣ್ಣು ಬಂತು. ಒಳಗೆ ತಲೆ ಹಾಕಿತು. ಅಲ್ಲಿ ಜಗ್ಗಿತು, ಇಲ್ಲಿ ಜಗ್ಗಿತು. ಹಾರಿಹೋಯ್ತು. ಕಾರಣ ಹೇಳಿತಾ? ಹೇಳಲಿಲ್ಲ. ಮೋನಪ್ಪ ನಕ್ಕ. ಎಷ್ಟೋ ದಿನಕ್ಕೆ ಮೊದಲ ನಗು. ನಿನಗೂ ಇದೇ ಗತಿಯಾ ತಮ್ಮಾ ಅಂತ ಹಕ್ಕಿಗೆ ಕೇಳಿದ. ಹಕ್ಕಿ ಪಕ್ಕದ ಗರಿಗೆ ಇನ್ನೊಂದು ಗೂಡು ಶುರುಮಾಡಿತು.

ಎರಡನೇ ಗೂಡು ಅರ್ಧ ಆಯ್ತು. ತಳ ಇಲ್ಲ, ಕೊಳವೆ ಇಲ್ಲ, ಒಳಗೆ ಕೂರೋಕೆ ಒಂದು ಅಡ್ಡಪಟ್ಟಿ, ಅಷ್ಟೆ. ಇನ್ನೊಂದು ಹೆಣ್ಣು ಬಂತು. ಮೋನಪ್ಪ, ತಡಿಯೇ, ಇನ್ನೂ ಮುಗಿದಿಲ್ಲ ಅಂತ ಮನಸ್ಸಿನಲ್ಲೇ ಹಕ್ಕಿಯ ಪರವಾಗಿ ಕೂಗಿದ. ಹೆಣ್ಣು ಒಳಗೆ ಹೋಯ್ತು. ಜಗ್ಗಿತು. ಒಂದು ಎಳೆ ಬಿಚ್ಚಿ ಬೇರೆ ಕಡೆ ಸಿಕ್ಕಿಸಿತು. ಆ ಅಡ್ಡಪಟ್ಟಿ ಮೇಲೆ ಕೂತಿತು. ಏಳಲೇ ಇಲ್ಲ. ಮಾರನೇ ದಿನದಿಂದ ಗಂಡು ಹೊರಗೆ ಕೊಳವೆ ಹೆಣೀತು, ಹೆಣ್ಣು ಒಳಗೆ ಹುಲ್ಲಿನ ಹೂ, ಪುಕ್ಕ, ಮೆತ್ತನೆಯದೆಲ್ಲ ತಂದು ಹಾಸಿತು. ಹೊರಗಿನದು ಅವನದು, ಒಳಗಿನದು ಅವಳದು.

ಮೋನಪ್ಪ ಎದ್ದು ನಿಂತ. ಮತ್ತೆ ಕೂತ. ಮತ್ತೆ ಎದ್ದ. ಮೇಣದ ಕಡೆ ತಿರುಗಲಿಲ್ಲ. ಚಿನ್ನವನ್ನ ತೂತಿನ ಹಲಗೆಯಲ್ಲಿ ಎಳೆದು ಎಳೆದು ಗರಿಯ ಎಳೆಯಷ್ಟು ಸಣ್ಣ ತಂತಿ ಮಾಡಿದ. ಹಕ್ಕಿ ಹೆಣೆದ ಹಾಗೇ ಒಂದೊಂದೇ ಗಂಟು ಹೆಣೀತಾ ಬಂದ. ಅರ್ಧ ಹೆಣೆದು ಕೈ ನಿಲ್ಲಿಸಿದ.

ಇದು ನಿಮಗೆ ಸುಲಭ ಅನ್ನಿಸಬಹುದು. ಅಕ್ಕಸಾಲಿಗರಿಗೆ ಅರೆಗೆಲಸ ತೋರಿಸೋದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ಊಟಕ್ಕೆ ಎದ್ದರೂ ಕೆಲಸದ ಮೇಲೆ ಬಟ್ಟೆ ಮುಚ್ಚಿ ಏಳ್ತಾರೆ. ಕಟ್ಟಿಕೊಂಡ ಹೆಂಡತಿಗೆ ತೋರಿಸಲ್ಲ, ಹೆತ್ತ ತಾಯಿಗೆ ತೋರಿಸಲ್ಲ. ಮೋನಪ್ಪನೋ ಎಲ್ಲರಿಗಿಂತ ಒಂದು ಕೈ ಮೇಲೆ, ಕುಲುಮೆ ಸುತ್ತ ಮರೆಗೆ ಬಿದಿರ ತಟ್ಟಿ ಕಟ್ಟಿಕೊಂಡಿದ್ದ. ಅಂಥವನು ಅರ್ಧಕ್ಕೆ ಕೈ ಬಿಟ್ಟ. ಬೆರಳು ತುರಿಸ್ತಿತ್ತು. ಇನ್ನೊಂದು ಸುತ್ತು ಹೆಣೀಲಾ ಅಂತ ಬೆರಳೇ ಕೇಳ್ತಿತ್ತು. ಕೈಯನ್ನ ಕಂಕುಳಲ್ಲಿ ಅದುಮಿಕೊಂಡು ಕೂತ.

ಹುಣ್ಣಿಮೆ ಬೆಳಿಗ್ಗೆ ರುದ್ರವ್ವ ಬುತ್ತಿ ತಂದಳು. ಆಯ್ತೇನಪ್ಪಾ ಅಂತ ಕೇಳಿದಳು. ಮೋನಪ್ಪ ಬಟ್ಟೆ ಸರಿಸಿದ. ಅವಳು ನೋಡಿದಳು. ಒಂದೇ ಓಲೆ, ಅದೂ ಅರ್ಧ, ತಂತಿಯ ತುದಿಗಳೆಲ್ಲ ಚೆದುರಿಕೊಂಡಿವೆ, ಬೆಂಕಿಯ ಕಪ್ಪು ಕೂಡ ತೊಳೆದಿಲ್ಲ.

"ಇದನ್ನ ತಗೊಂಡು ಹೋಗ್ತೀಯಾ? ನಿಮ್ಮಪ್ಪ ಇಪ್ಪತ್ತು ವರ್ಷ ಸಂಸಾರ ಮಾಡಿದರು, ಒಂದು ದಿನ ಅರೆಗೆಲಸ ನನಗೆ ತೋರಿಸಲಿಲ್ಲ."

"ನೋಡಬೇಕು ಅಂತ ನಿನಗೆ ಅನ್ನಿಸಿರಲಿಲ್ಲವಾ ಅವ್ವಾ?"

ರುದ್ರವ್ವ ಬುತ್ತಿಯ ಗಂಟು ಬಿಚ್ಚೋದನ್ನ ನಿಲ್ಲಿಸಿದಳು.

"ಅನ್ನಿಸ್ತಿತ್ತು. ಅವರು ನೀರು ಕುಡಿಯೋಕೆ ಹೋದಾಗ ಒಂದು ಸಲ ಬಟ್ಟೆಯ ತುದಿ ಹಿಡಿದೆ. ಎತ್ತಲಿಲ್ಲ."

ಅಷ್ಟು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ನಡಿ ಹೋಗೋಣ ಅಂದಳು.

ಅಂಗಳ ತುಂಬಿತ್ತು. ಮೋನಪ್ಪ ತಟ್ಟೆಯಲ್ಲಿ ಆ ಅರ್ಧ ಓಲೆ ಇಟ್ಟ. ಮೊದಲು ಒಬ್ಬ ನಕ್ಕ, ಆಮೇಲೆ ನಾಲ್ವರು, ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಬಾವಿಗೆ ಸುತ್ತಿಗೆ ಎಸೆದುಬಿಟ್ಟೆಯೇನೋ ಅಂತ ಒಬ್ಬ ಕೇಳಿದ. ಹುಣ್ಣಿಮೆಗೆ ಇನ್ನೊಂದು ತಿಂಗಳು ಕಡ ಕೇಳೋಣ ಅಂತ ಇನ್ನೊಬ್ಬ ಅಂದ. ಈರಪ್ಪಾಚಾರಿ ನಗಲಿಲ್ಲ. ಅವನ ಮುಖ ಕಪ್ಪಿಟ್ಟಿತ್ತು.

"ಜೋಡಿ ಎಲ್ಲಿ ಮೋನಪ್ಪಾ?"

"ಮಾಡಿಲ್ಲ ಮಾವ."

"ಇದಾದರೂ ಪೂರ್ತಿ ಮಾಡಬಾರದಿತ್ತಾ?"

"ಇದೂ ಆಗಿಲ್ಲ."

ಅಷ್ಟು ಹೇಳಿ ಅವನು ಕಾಳವ್ವನ ಕಡೆ ತಿರುಗಿದ. ಊರು ಕೇಳೋ ಹಾಗೆ ಮಾತಾಡಿ ರೂಢಿ ಇದ್ದವನು ಅವಳೊಬ್ಬಳಿಗೆ ಕೇಳೋ ಹಾಗೆ ಹೇಳಿದ.

"ಕಾಳಿ, ನನ್ನ ಕೈಗೆ ಬಂದದ್ದು ಇಷ್ಟು. ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಅಂದ ಕಣ್ರಪ್ಪಾ. ಮೋನಪ್ಪ. ನಾನು ಎಷ್ಟೋ ಸಲ ಈ ಕಥೆ ಹೇಳಿದ್ದೀನಿ, ಈ ಜಾಗಕ್ಕೆ ಬಂದಾಗ ನಾನೂ ಕಣ್ಣು ಉಜ್ಜಿಕೊಳ್ತೀನಿ. ಧೂಳು, ಬೇರೇನಲ್ಲ.

ಕಾಳವ್ವ ಓಲೆ ಎತ್ತಿಕೊಂಡಳು. ಒಳಗೆ ಕಿರುಬೆರಳು ಹಾಕಿದಳು. ಅಲ್ಲಿ ಮುಟ್ಟಿದಳು, ಇಲ್ಲಿ ಮುಟ್ಟಿದಳು. ಒಂದು ತಂತಿಯನ್ನ ಜಗ್ಗಿದಳು, ಅದು ಬಿಚ್ಚಿಕೊಂಡಿತು. ಹಾಳಾಯ್ತು ಅಂತ ಯಾರೋ ಅಂದರು. ಅವಳು ಅದನ್ನ ಉಗುರಿನಲ್ಲಿ ಬಗ್ಗಿಸಿ ಇನ್ನೊಂದು ಕಡೆ ಸಿಕ್ಕಿಸಿದಳು.

ಕಿವಿಗೆ ಹಾಕಿಕೊಳ್ಳಲಿಲ್ಲ. ತಟ್ಟೆಗೂ ಇಡಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಎದ್ದು ನಿಂತಳು.

ಈರಪ್ಪಾಚಾರಿ, ಕಿವಿಗೋ ತಟ್ಟೆಗೋ ಒಂದು ಮಾಡು ಮಗಳೇ, ಬೀದಿ ಕಾಯ್ತಿದೆ ಅಂದ.

"ಅಪ್ಪಾ, ಇನ್ನೂ ಆಗದೆ ಇರೋದನ್ನ ಕಿವಿಗೆ ಹೇಗೆ ಹಾಕಲಿ? ಆಗೋಕೆ ಹೊರಟಿರೋದನ್ನ ತಟ್ಟೆಗೆ ಹೇಗೆ ಇಡಲಿ?"

ಅಂದವಳೇ ಒಳಗೆ ಹೋಗಿ ರವೆಯ ಕರಡಿಗೆ ತಂದಳು. ತಂದವಳೇ ಬೀದಿಗಿಳಿದು ನಡೆದಳು. ಹಿಂದೆ ಮೋನಪ್ಪ, ಅವನ ಹಿಂದೆ ರುದ್ರವ್ವ, ಅವಳ ಹಿಂದೆ ಇಡೀ ಬೀದಿ. ಊರು ದಾಟಿದರು, ಜೋಳದ ಹೊಲ ದಾಟಿದರು, ಬಾವಿ ಹತ್ತಿರ ಬಂದರು. ಕಾಳವ್ವ ತಟ್ಟಿ ಸರಿಸಿ, ಯಾವ ಹೆಂಗಸೂ ಕೂರದ ಕುಲುಮೆ ಮುಂದೆ ಕೂತಳು. ಅವನು ಅಲ್ಲೇ ಕಂಬದ ಹಾಗೆ ನಿಂತಿದ್ದ.

"ಬಾವ, ಸ್ವಲ್ಪ ಆಚೆ ಸರಿ. ನೆರಳು ಬೀಳ್ತಿದೆ," ಅಂದಳು.

ಅವನು ಸರಿದ. ಜೀವಮಾನದಲ್ಲಿ ಮೊದಲ ಸಲ ಯಾರೋ ಹೇಳಿದ್ದಕ್ಕೆ ಸರಿದ.

ಅವಳು ಓಲೆಯ ಒಳಮೈಗೆ ಒಂದೊಂದೇ ರವೆ ಕೂರಿಸೋಕೆ ಶುರುಮಾಡಿದಳು. ಹೊರಗಲ್ಲ, ಒಳಗೆ. ರುದ್ರವ್ವ ಪಕ್ಕದಲ್ಲಿ ಕೂತು, ಮೂರು ಹುಣ್ಣಿಮೆ ಮುಗೀತಲ್ಲ ಮಗಳೇ, ಈಗಲಾದರೂ ಹೇಳು, ಮೊದಲಿನ ಎರಡಕ್ಕೆ ಏನಾಗಿತ್ತು ಅಂತ ಕೇಳಿದಳು.

"ಏನೂ ಆಗಿರಲಿಲ್ಲ ಅತ್ತೆ. ಅಷ್ಟು ಚೆನ್ನಾಗಿದ್ದವು. ನಾನು ಎಷ್ಟು ಹುಡುಕಿದರೂ ಅದರಲ್ಲಿ ಒಂದು ರವೆ ಇಡೋಕೆ ಜಾಗ ಇರಲಿಲ್ಲ. ನೋಡ್ತಾ ಇರೋಕೆ ಮದುವೆ ಯಾಕೆ ಆಗಬೇಕು?"

ಅವಳು ಹೇಳಿ ಮುಗಿಸಿದಾಗ ಸುತ್ತ ನಿಂತವರಲ್ಲಿ ಗಂಡಸರು ನೆಲ ನೋಡಿದರು. ಹೆಂಗಸರು ಗಂಡಸರನ್ನ ನೋಡಿದರು.

ಬೆಸುಗೆಗೆ ಬೆಂಕಿ ಬೇಕಾಯ್ತು. ಅವಳ ಎರಡು ಕೈಯೂ ಓಲೆಯ ಮೇಲೆ, ಅವನ ಎರಡು ಕೈಯೂ ಚಿಮಟದ ಮೇಲೆ. ಊದೋರು ಯಾರು? ಮಗಳು ಕುಲುಮೆ ಮುಂದೆ ಕೂತದ್ದನ್ನ ಸುಮ್ಮನೆ ನೋಡ್ತಾ ನಿಂತಿದ್ದ ಈರಪ್ಪಾಚಾರಿ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ. ಬಗ್ಗಿದ. ಮಂಡಿ ಊರಿದ. ಊದುಗೊಳವೆ ಬಾಯಿಗಿಟ್ಟುಕೊಂಡ. ಊದೋ ಮೊದಲು ಒಂದೇ ಮಾತು ಹೇಳಿದ.

"ಮೆಲ್ಲಗೆ ಊದ್ತೀನಿ ಮಗಳೇ. ನಿನ್ನ ರವೆ ಹಾರಬಾರದು."

ಸಂಜೆ ಹೊತ್ತಿಗೆ ಓಲೆ ಆಯ್ತು. ಕಾಳವ್ವ ಅದನ್ನ ಬಲಗಿವಿಗೆ ಹಾಕಿಕೊಂಡಳು. ಹೊರಗೆ ನೋಡಿದರೆ ಗೀಜಗನ ಗೂಡು, ಸಾದಾ. ಅವಳು ತಲೆ ಆಡಿಸಿದಾಗ ಮಾತ್ರ ಹೆಣಿಗೆಯ ಸಂದಿಯಿಂದ ಒಳಗಿನ ರವೆ ಮಿಣುಕ್ ಅನ್ನುತ್ತೆ, ಮತ್ತೆ ಅಡಗುತ್ತೆ. ಎಡಗಿವಿ ಖಾಲಿ. ಜೋಡಿ ಆಗೋವರೆಗೂ ಮದುವೆ ಮುಂದಕ್ಕೆ ಹಾಕೋಣ ಅಂತ ಹಿರಿಯರು ಅಂದರು. ಕಾಳವ್ವ ಒಪ್ಪಲಿಲ್ಲ. ಒಂದು ಕಿವಿಯಲ್ಲಿ ಓಲೆ, ಒಂದು ಕಿವಿ ಬರಿದು, ಹಾಗೇ ಹಸೆಮಣೆ ಏರಿದಳು.

ಎರಡನೇ ಓಲೆಗೆ ಎಷ್ಟು ದಿನ ಹಿಡೀತು ಅಂತೀರಿ? ಒಂದು ವರ್ಷ. ಯಾಕೆ? ಈಗ ಕೈ ನಾಲ್ಕು, ಅಭಿಪ್ರಾಯ ನಲವತ್ತು. ಅವನು ಹೆಣೆಯೋನು, ಅವಳು ಬಿಚ್ಚೋಳು. ಅವಳು ಕೂರಿಸೋಳು, ಅವನು ಗೊಣಗೋನು. ಜಗಳ ಆಡಿದರು, ಮುನಿಸಿಕೊಂಡರು, ಮತ್ತೆ ಕೂತರು. ಕೊನೆಗೆ ಆದ ಓಲೆ ಮೊದಲಿನದಕ್ಕಿಂತ ಒಂದು ನೂಲಿನಷ್ಟು ಉದ್ದ. ಇಬ್ಬರೂ ಅದನ್ನ ತಿದ್ದೋಕೆ ಹೋಗಲಿಲ್ಲ.

ಅವತ್ತಿನಿಂದ ಆ ಬೀದಿಯಲ್ಲಿ ಮದುಮಗಳು ಒಂದೇ ಓಲೆ ಹಾಕಿಕೊಂಡು ಹಸೆಮಣೆ ಏರ್ತಾಳೆ. ಪರ ಊರಿನವರು ನೋಡಿ, ಇನ್ನೊಂದು ಕಳೆದುಹೋಯ್ತಾ ಪಾಪ ಅಂತ ಕೇಳ್ತಾರೆ. ಹುಡುಗಿ ನಗ್ತಾಳೆ. ಕಳೆದಿಲ್ಲ, ಅದನ್ನ ಇನ್ನು ನಾವಿಬ್ಬರೂ ಕೂತು ಮಾಡಬೇಕು ಅಂತಾಳೆ.

ಅವರ ಬೆಂಕಿ ಅಲ್ಲಿ ಉರೀಲಿ, ನಮ್ಮ ದೀಪ ಇಲ್ಲಿ ಉರೀಲಿ. ಕಥೆ ನನ್ನ ಬಾಯಿಂದ ಇಳಿದು ನಿಮ್ಮ ಕಿವಿಗೆ ಹತ್ತಿತು, ಇನ್ನು ಅದು ನಿಮ್ಮದು. ನನ್ನ ಗಂಟಲು ಒಣಗಿದೆ, ಯಾರಾದರೂ ಒಂದು ಚೊಂಬು ನೀರು ಕೊಡ್ರಪ್ಪಾ.